ಸರ್ಜಾನ ಎರಡು ಚಿತ್ರಗಳು

ದೆವ್ವ, ಆತ್ಮ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಫೋಟೋ ತೆಗೆಯುವುದು ನನ್ನ ಕಸುಬು. ಚಿತ್ರದಲ್ಲಿ ಏನೋ ಆಕಾರ ಕಂಡಿತೆಂದು ಹೆದರಿ ಬಂದವರಿಗೆಲ್ಲ ಅದು ಲೆನ್ಸಿನ ಮೇಲಿನ ಧೂಳೆಂದು ತೋರಿಸಿ, ನಕ್ಕು ಕಳಿಸಿದ್ದೇನೆ. ಈಗ ನಾನೇ ಅಂಥದ್ದೊಂದು ಹೇಳಲು ಕೂತಿದ್ದೇನೆ. ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಮಿರಜಿನಲ್ಲಿ ಬಳಸಿದ ಡಿಜಿಟಲ್ ಸ್ಟೀರಿಯೋ ಕ್ಯಾಮೆರಾ ಒಂದನ್ನು ಕೊಂಡೆ. ನಮ್ಮ ಕಣ್ಣುಗಳ ಹಾಗೆ ಅದಕ್ಕೆ ಎರಡು ಲೆನ್ಸು. ಎಡದ್ದೊಂದು, ಬಲದ್ದೊಂದು ಚಿತ್ರ ತೆಗೆದು, ಎರಡನ್ನೂ ಕೂಡಿಸಿ, ಹಿಂದಿನ ಪರದೆಯಲ್ಲಿ ಆಳವಿರುವ ಒಂದೇ ಚಿತ್ರ ತೋರಿಸುತ್ತದೆ. ಊರೆಲ್ಲ ಅದನ್ನು ಹಿಡಿದು ಮೆರೆದೆ. ಆ ಸುದ್ದಿ ಕೇಳಿಯೇ ಐನಾಪುರದಾಚೆ ತೋಟದಲ್ಲಿರುವ ಗಂಗವ್ವ ನನ್ನನ್ನು ಕರೆಸಿದಳು.

ಅವರಲ್ಲಿ ಕಬ್ಬಿನ ಗಾಡಿಗೆ ಹೂಡುವ ಸರ್ಜಾ, ರಾಜಾ ಎಂಬ ಜೋಡಿ ಎತ್ತುಗಳಿದ್ದವು. ರಾಜಾ ರೋಗ ಬಂದು ಸತ್ತಿತು. ಆಮೇಲೆ ಸರ್ಜಾ ಬೇರೆ ಯಾವ ಎತ್ತಿನ ಜೊತೆಗೂ ನೊಗಕ್ಕೆ ಹೆಗಲು ಕೊಡಲಿಲ್ಲ, ಮೇವನ್ನೂ ಸರಿಯಾಗಿ ಮುಟ್ಟಲಿಲ್ಲ. ಗಂಡ ಅಣ್ಣಪ್ಪ ಮಾರಲು ನಿಶ್ಚಯಿಸಿದ. ಮರುದಿನ ವ್ಯಾಪಾರಿಯ ಟೆಂಪೋ ಬರುವುದಿತ್ತು. ಅದನ್ನು ಏರಿ ಹೋದ ಮುದಿ ಎತ್ತು ಏನಾಗುತ್ತದೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಗಂಗವ್ವ ಎಷ್ಟು ಅತ್ತರೂ ಅವನು ಬಗ್ಗಲಿಲ್ಲ. ಕೊನೆಗೆ, ಒಂದು ಫೋಟೋ ಆದರೂ ಇರಲಿ ಎಂದಳು.

ಇಳಿಬಿಸಿಲಿನಲ್ಲಿ ಸರ್ಜಾನನ್ನು ಅಂಗಳದ ನಡುವೆ ನಿಲ್ಲಿಸಲು ಹೋದೆವು. ಎಷ್ಟು ಎಳೆದರೂ ಅದು ಮತ್ತೆ ಪಕ್ಕಕ್ಕೆ ಸರಿದು, ಇನ್ನೊಂದು ಎತ್ತಿಗೆ ಸಾಕಾಗುವಷ್ಟು ಜಾಗ ಬಿಟ್ಟು ನಿಲ್ಲುತ್ತಿತ್ತು.

“ಬಲಕ್ಕ ರಾಜಾ ನಿಂದರತಿತ್ತಲ್ರಿ, ಅದರ ಜಾಗಾ ಬಿಟ್ಟ ನಿಂದರತೈತಿ. ಹಂಗ ತಗೀರಿ,” ಎಂದ ಅಣ್ಣಪ್ಪ, ಮುಖ ಬೇರೆ ಕಡೆ ಮಾಡಿ.

ಈ ಕ್ಯಾಮೆರಾದಲ್ಲಿ ಎರಡು ಬಗೆಯ ಸೆಟ್ಟಿಂಗ್ ಇದೆ. ಒಂದರಲ್ಲಿ ಎರಡೂ ಲೆನ್ಸು ಒಂದೇ ಕ್ಷಣಕ್ಕೆ ಚಿತ್ರ ಹಿಡಿಯುತ್ತವೆ. ಇನ್ನೊಂದರಲ್ಲಿ ಒಂದಾದ ಮೇಲೊಂದು. ಅದು ಅಲುಗಾಡದ ವಸ್ತುಗಳಿಗೆ ಮಾತ್ರ. ಎತ್ತು ಸುಮ್ಮನೆ ನಿಲ್ಲುವ ಪ್ರಾಣಿಯಲ್ಲವೆಂದು ಒಂದೇ ಕ್ಷಣದ ಸೆಟ್ಟಿಂಗಿಗೆ ಇಟ್ಟೆ, ಶಟರಿನ ವೇಗವನ್ನೂ ಹೆಚ್ಚಿಸಿದೆ. ಇನ್ನೊಮ್ಮೆ ನೋಡಿ ಖಾತ್ರಿ ಮಾಡಿಕೊಂಡೇ ಗುಂಡಿ ಒತ್ತಿದೆ.

ಪರದೆಯಲ್ಲಿ ಚಿತ್ರ ಕೂಡಲಿಲ್ಲ. ಗೋಡೆ, ಬೇವಿನ ಮರ, ಗೂಟ ಎಲ್ಲ ಸರಿಯಾಗಿದ್ದವು. ಸರ್ಜಾನ ಮುಖ ಮಾತ್ರ ಕಲಸಿಹೋಗಿತ್ತು. ಎರಡು ಚಿತ್ರಗಳ ಅಂತರ ಹೊಂದಿಸುವ ಗುಂಡಿಯನ್ನು ಆಚೆ ಈಚೆ ಒತ್ತಿದೆ. ಸರಿಯಿದ್ದ ಮರವೂ ಕೆಟ್ಟಿತೇ ಹೊರತು ಮುಖ ಸರಿಹೋಗಲಿಲ್ಲ. ಬೇಸತ್ತು ಎರಡನ್ನೂ ಬೇರೆ ಬೇರೆಯಾಗಿ ತೆರೆದೆ.

ಎಡದ ಚಿತ್ರದಲ್ಲಿ ಸರ್ಜಾ ನೇರ ನನ್ನನ್ನೇ ನೋಡುತ್ತಿತ್ತು. ಬಲದ ಚಿತ್ರದಲ್ಲಿ ಅದು ಖಾಲಿ ಜಾಗದ ಕಡೆ ಕತ್ತು ಹೊರಳಿಸಿ, ಕಣ್ಣು ಮುಚ್ಚಿ, ನಾಲಿಗೆ ಚಾಚಿತ್ತು. ನಾನು ನೋಡುತ್ತಿದ್ದಷ್ಟು ಹೊತ್ತು ಅದು ಕತ್ತು ಹೊರಳಿಸಿರಲೇ ಇಲ್ಲ.

ಗಂಗವ್ವ ಇಣುಕಿದಳು. “ಅಯ್ಯ, ರಾಜಾನ ಕೊರಳ ನೆಕ್ಕಾಕತ್ತೈತಿ ನೋಡ್ರಿ! ದಿನಾ ಸಂಜೀಕ ಹಿಂಗ ನೆಕ್ಕತಿತ್ತು.”

ಅಣ್ಣಪ್ಪ ಕ್ಯಾಮೆರಾ ಇಸಿದುಕೊಂಡು ಬಹಳ ಹೊತ್ತು ನೋಡಿದ. ಮಷೀನಿನ ತಪ್ಪಿರಬೇಕು ಎಂದೆ. ಅವನು ವ್ಯಾಪಾರಿಗೆ ಫೋನ್ ಹಚ್ಚಿದ.

“ನಾಳೆ ಬರಬ್ಯಾಡ್ರಿ. ಎತ್ತ ಕೊಡೂದಿಲ್ಲ.” ಆ ಕಡೆಯವನು ಯಾಕೆಂದು ಕೇಳಿರಬೇಕು. “ಜೋಡಿ ಇನ್ನೂ ಐತ್ರಿ. ಒಡ್ಯಾಕ ಬರೂದಿಲ್ಲ.”

ಆಮೇಲೆ ಅದೇ ಸೆಟ್ಟಿಂಗಿನಲ್ಲಿ ಓಡುವ ನಾಯಿ, ಹಾರುವ ಕೊಕ್ಕರೆ, ಬೈಕು ಎಲ್ಲ ತೆಗೆದು ನೋಡಿದೆ. ಎಡ ಬಲ ಎಂದೂ ಬೇರೆಯಾಗಲಿಲ್ಲ. ರಿಪೇರಿಯವನೂ ಬಿಚ್ಚಿ ನೋಡಿ ದೋಷವಿಲ್ಲವೆಂದ. ಯೋಚಿಸಿ ಯೋಚಿಸಿ ಸಾಕಾಗಿದೆ; ನನಗಿನ್ನೂ ಅರ್ಥವಾಗಿಲ್ಲ. ನಾನೇ ಏನೋ ತಪ್ಪು ಒತ್ತಿದ್ದೆ ಎಂದು ನಿಮ್ಮಲ್ಲಿ ಯಾರಾದರೂ ತೋರಿಸಿಕೊಟ್ಟರೆ ಖುಷಿಯಿಂದ ಒಪ್ಪುತ್ತೇನೆ. ಆದರೆ ದಯಮಾಡಿ ಆ ಮಾತು ಅಣ್ಣಪ್ಪನ ಕಿವಿಗೆ ಬೀಳದಿರಲಿ. ಸರ್ಜಾ ಇನ್ನೂ ಬದುಕಿದೆ.