ತೊಟ್ಟಿಲೆದುರಿನ ಹಕ್ಕಿ

ಆ ಚಿತ್ರವನ್ನು ಆರಿಸಿದ್ದು ನಾನೇ. ನಾವಿರುವ ಗಲ್ಫ್ ಊರಿನ ಖುರುಮ್ ಬಡಾವಣೆಯ ಫ್ರೇಮ್ ಅಂಗಡಿಯಲ್ಲಿ, ನಮ್ಮ ಯಜಮಾನರು ಕಾರಿನಲ್ಲಿ ಕೂತು ಮತ್ತೆ ಮತ್ತೆ ಫೋನ್ ಮಾಡಿದರೂ ಜಗ್ಗದೆ, ಇದ್ದಬದ್ದ ಚಿತ್ರಗಳನ್ನೆಲ್ಲ ತೆಗೆಸಿ ಹಾಕಿಸಿ ಆರಿಸಿದ್ದು. ನೀಲಿ ಹೊದಿಕೆಯ ತಾಯಿ, ತೊಡೆಯ ಮೇಲೆ ದುಂಡುದುಂಡಾದ ಮಗು, ಮಗುವಿನ ಮುಷ್ಟಿಯಲ್ಲೊಂದು ಕೆಂಪು ಮುಖದ ಪುಟ್ಟ ಹಕ್ಕಿ. ಇಟಲಿಯ ಯಾವುದೋ ಚರ್ಚಿಗೆಂದು ಐನೂರು ವರ್ಷದ ಹಿಂದೆ ಬರೆದ ಚಿತ್ರದ ಪ್ರತಿ ಎಂದು ಅಂಗಡಿಯವನು ಶುರುಮಾಡಿದ. ನನಗೆ ಅದೆಲ್ಲ ಬೇಕಿರಲಿಲ್ಲ. ಮಗು ಮುದ್ದಾಗಿತ್ತು, ಅಷ್ಟು ಸಾಕಾಗಿತ್ತು.

ಉಡುಗೊರೆ ಕೊಡಬೇಕಾಗಿದ್ದದ್ದು ನಮ್ಮ ಕೆಳಗಿನ ಮನೆಯವಳಿಗೆ. ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಕನ್ನಡ ಮಾತಾಡುವವರು ನಾವೆರಡೇ ಮನೆ. ನಾವು ಮೈಸೂರಿನವರು, ಅವರು ಮಂಗಳೂರಿನ ಕ್ರೈಸ್ತರು. ಮನೆಯೊಳಗೆ ಕೊಂಕಣಿ, ನನ್ನ ಜೊತೆ ಕನ್ನಡ. ನನಗಿಂತ ಎಷ್ಟೋ ಚಿಕ್ಕವಳು, ಅಕ್ಕ ಅಕ್ಕ ಎಂದು ಬಾಯಿ ತುಂಬ ಕರೆಯುವಳು. ಮದುವೆಯಾಗಿ ತುಂಬ ವರ್ಷದ ಮೇಲೆ ಅವಳಿಗೆ ಗಂಡು ಮಗು ಹುಟ್ಟಿತ್ತು. ಹುಟ್ಟಿದ ವಾರದಲ್ಲೇ ಡಾಕ್ಟರು ಹೃದಯದಲ್ಲಿ ತೂತಿದೆ ಎಂದರು. ಸ್ವಲ್ಪ ತೂಕ ಬರಲಿ, ಆಮೇಲೆ ಆಪರೇಷನ್ ಮಾಡೋಣ ಎಂದರು. ಅಂದಿನಿಂದ ಆ ಮನೆಗೆ ಹೋದವರ ಬಾಯಲ್ಲೆಲ್ಲ ಒಂದೇ ಮಾತು, ಏನೂ ಆಗೋದಿಲ್ಲ ಬಿಡು.

ನಮ್ಮ ಮನೆಯಲ್ಲಿ ಬಸುರಿ ಬಾಣಂತಿಯರ ಕೋಣೆಗೆ ಬೆಣ್ಣೆಕೃಷ್ಣನ ಪಟ ಹಾಕುವುದು ರೂಢಿ. ಬೆಳಿಗ್ಗೆ ಎದ್ದ ತಕ್ಷಣ ಅದನ್ನೇ ನೋಡಬೇಕು, ಮಗು ಹಾಗೇ ದುಂಡಗೆ ಬೆಳೆಯುತ್ತದೆ ಎಂದು ಅಮ್ಮ ನನಗೂ ಹಾಕಿಕೊಟ್ಟಿದ್ದಳು. ಕ್ರೈಸ್ತರ ಮನೆಗೆ ಕೃಷ್ಣನನ್ನು ಕೊಡಲಾದೀತೇ? ಅದಕ್ಕೇ ಅವರ ಕೃಷ್ಣನನ್ನು ಹುಡುಕಿದೆ. ನಮ್ಮವನ ಕೈಯಲ್ಲಿ ಬೆಣ್ಣೆ, ಇವನ ಕೈಯಲ್ಲಿ ಹಕ್ಕಿ, ಲೆಕ್ಕ ಸರಿಹೋಯಿತು. ನನ್ನ ವಿಶಾಲ ಮನಸ್ಸಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಚರ್ಚಿನಲ್ಲಿ ಮಗುವಿನ ಜ್ಞಾನಸ್ನಾನವಾದ ಸಂಜೆ ಅವಳು ಪೊಟ್ಟಣ ಬಿಚ್ಚಿದಳು. ಚಿತ್ರವನ್ನು ತುಂಬ ಹೊತ್ತು ನೋಡಿದಳು, ಕಣ್ಣಲ್ಲಿ ನೀರು ತುಂಬಿತು. ಬಹಳ ಇಷ್ಟವಾಗಿದೆ ಎಂದುಕೊಂಡು ಉಬ್ಬಿಹೋದೆ.

"ತೊಟ್ಟಿಲ ಎದುರಿಗೇ ಹಾಕು. ದಿನಾ ನೋಡ್ತಿರು," ಎಂದೆ.

ಕೆಲವು ವಾರ ಕಳೆದಿರಬೇಕು. ಅಲ್ ಮವಾಲೇಹ್ ಮಾರ್ಕೆಟ್ಟಿನಿಂದ ತಂದ ಮೆಂತ್ಯ ಸೊಪ್ಪು ಬಿಡಿಸುತ್ತಾ ಫೋನಿನಲ್ಲಿ ಏನೋ ವಿಡಿಯೊ ಹಾಕಿಕೊಂಡಿದ್ದೆ. ಇಟಲಿಯ ಹಳೆಯ ದೇವರ ಚಿತ್ರಗಳಲ್ಲಿ ಅಡಗಿರುವ ಅರ್ಥಗಳನ್ನು ಒಬ್ಬ ಹೆಂಗಸು ಬಿಡಿಸಿ ಹೇಳುತ್ತಿದ್ದಳು. ಬಿಳಿ ಲಿಲ್ಲಿ ಹೂವೆಂದರೆ ಆ ತಾಯಿಯ ಪಾವಿತ್ರ್ಯ. ಮೂಲೆಯಲ್ಲಿ ಬಿದ್ದಿರುವ ಸೇಬು ಮನುಷ್ಯ ಮಾಡಿದ ಮೊದಲ ಪಾಪ. ಗಾಜನ್ನು ಒಡೆಯದೆ ದಾಟಿ ಬರುವ ಬೆಳಕು ಕನ್ಯೆಯ ಬಸಿರು. ನನಗೋ ಖುಷಿಯೇ ಖುಷಿ, ಪಕ್ಕದ ಮನೆಯ ಗುಟ್ಟು ಕೇಳಿದ ಹಾಗೆ. ಅಷ್ಟರಲ್ಲಿ ನನ್ನ ಹಕ್ಕಿ ಬಂತು. ಅದು ಮುಳ್ಳುಗಿಡಗಳ ಬೀಜ ತಿನ್ನುವ ಹಕ್ಕಿಯಂತೆ. ಮುಂದೆ ಆ ಮಗುವಿನ ತಲೆಗೇರುವ ಮುಳ್ಳಿನ ಕಿರೀಟ, ಸುರಿಯುವ ರಕ್ತ, ಎಲ್ಲ ಆ ಹಕ್ಕಿಯ ಕೆಂಪು ಮುಖದಲ್ಲಿದೆಯಂತೆ. ಮಗನ ಸಾವು ತಾಯಿಗೆ ಮೊದಲೇ ಗೊತ್ತು, ಅವಳ ಮುಖ ಬಾಡಿರುವುದು ಅದಕ್ಕೇ ಎಂದಳು.

ಹೃದಯದಲ್ಲಿ ತೂತಿರುವ ಕೂಸಿನ ತೊಟ್ಟಿಲೆದುರು ನಾನು ತೂಗುಹಾಕಿಸಿದ್ದು ಸಾವಿನ ಪಟ. ದಿನಾ ನೋಡು ಅಂತ ಬೇರೆ ಬುದ್ಧಿ ಹೇಳಿ ಬಂದಿದ್ದೆ. ಅವಳಿಗೆ ಹೇಳುವ ಧೈರ್ಯವಿಲ್ಲದೆ ಅವಳ ಗಂಡನ ಆಫೀಸಿಗೆ ಫೋನ್ ಮಾಡಿ, ತಡವರಿಸುತ್ತಾ ಎಲ್ಲವನ್ನೂ ಹೇಳಿಕೊಂಡೆ.

"ಅಕ್ಕ, ನೀವು ಬೇಜಾರು ಮಾಡ್ಬೇಡಿ," ಎಂದರು ಅವರು. "ನಂಗೂ ಅದು ಗೊತ್ತಿರ್ಲಿಲ್ಲ. ಏನಾದ್ರೂ ನೆಪ ಹೇಳಿ ತೆಗೆದಿಡ್ತೇನೆ. ಅವಳಿಗೆ ಹೇಳುದು ಬೇಡ."

ಮರುದಿನ ಅವಳೇ ಮಗುವನ್ನು ಹೆಗಲಿಗೆ ಹಾಕಿಕೊಂಡು ಮೇಲೆ ಬಂದಳು.

"ನೋಡಿ ಅಕ್ಕ, ಇವರು ಆ ಪಟ ತೆಗೀಲಿಕ್ಕೆ ಹೊರಟದ್ದು. ಗೋಡೆ ಹಾಳಾಗ್ತದಂತೆ! ನಾನು ಬಿಡ್ಲಿಲ್ಲ." ಆಮೇಲೆ ದನಿ ತಗ್ಗಿಸಿದಳು. "ಆ ಹಕ್ಕಿ ಎಂತ ಅಂತ ನಂಗೆ ಗೊತ್ತುಂಟು. ಶಾಲೆಯಲ್ಲಿ ಸಿಸ್ಟರ್ ಹೇಳಿದ್ರು. ಎಲ್ಲರೂ ಏನೂ ಆಗುದಿಲ್ಲ, ಏನೂ ಆಗುದಿಲ್ಲ ಅಂತಾರೆ, ನಾನು ಒಬ್ಬಳೇ ಹೆದರಿ ಸಾಯ್ತೇನೆ. ಆಗ ಪಟದಲ್ಲಿರುವ ಆ ತಾಯಿಯನ್ನು ನೋಡ್ತೇನೆ. ಅವಳಿಗೂ ಗೊತ್ತಿತ್ತು ಅಲ್ವಾ? ಆದ್ರೂ ಮಗುವನ್ನು ಹಿಡ್ಕೊಂಡು ಕೂತಿದ್ದಾಳೆ. ನೀವು ಒಬ್ರೇ ಅಕ್ಕ, ನಂಗೆ ನಿಜ ಹೇಳಿದ್ದು."

ನಾನು ಆಗಲೇ ಬಾಯಿ ಬಿಡಬೇಕಿತ್ತು. ನಾನೊಬ್ಬಳು ಪೆದ್ದಿ ಕಣೆ, ಪಟದ ಮಗು ಮುದ್ದಾಗಿದೆ ಅಂತ ತಂದುಕೊಟ್ಟೆ, ಅಷ್ಟೇ ಅನ್ನಬೇಕಿತ್ತು. ಬದಲಿಗೆ, ಎಲ್ಲ ತಿಳಿದವಳ ಹಾಗೆ ಅವಳ ತಲೆ ನೇವರಿಸಿದೆ. ಅವಳ ಆಸರೆಯನ್ನು ಕಿತ್ತುಕೊಳ್ಳಬಾರದೆಂದು ಸುಮ್ಮನಿದ್ದೆ ಎಂದು ಈಗಲೂ ಸಮಾಧಾನ ಹೇಳಿಕೊಳ್ಳುತ್ತೇನೆ. ಅದು ಅರ್ಧ ನಿಜ. ನಿಜ ಹೇಳಿದ್ದು ನಾನೊಬ್ಬಳೇ ಎಂಬ ಆ ಮಾತು ಕೇಳಲು ಹಿತವಾಗಿತ್ತು, ಅದು ಇನ್ನರ್ಧ.

ಆಪರೇಷನ್ನಿನ ದಿನ ಪಕ್ಕದಲ್ಲಿ ನಾನೇ ಇರಬೇಕೆಂದು ಅವಳ ಹಟ. ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಕೈ ಹಿಡಿದು ಕೂತಳು. ಅವಳ ಗಂಡ ಎದುರಿಗೆ ನಿಂತಿದ್ದರು. ಆಗಾಗ ಹತ್ತಿರ ಬಂದು, "ಏನೂ ಆಗುದಿಲ್ಲ," ಎನ್ನುವರು. ಅವಳು ಮುಖ ತಿರುಗಿಸುವಳು. ಅವರು ಮತ್ತೆ ಹೋಗಿ ಗೋಡೆಗೆ ಒರಗುವರು. ಆ ಮನುಷ್ಯ ಬೆಳಿಗ್ಗೆಯಿಂದ ಒಂದು ಗುಟುಕು ನೀರೂ ಕುಡಿದಿರಲಿಲ್ಲ.

"ಉಳೀತಾನಾ ಅಕ್ಕ?" ಎಂದು ಅವಳು ಕೇಳಿದಳು.

"ಗೊತ್ತಿಲ್ಲ ಕಣೆ," ಎಂದೆ. ನಿಜ ಹೇಳುವವಳೆಂಬ ಹೆಸರು ಬಂದಮೇಲೆ ಬೇರೇನು ಹೇಳಲಿ?

ಮಧ್ಯಾಹ್ನ ಡಾಕ್ಟರು ಹೊರಬಂದು, ಎಲ್ಲ ಸರಿಹೋಯಿತು, ಮಗು ಚೆನ್ನಾಗಿದೆ ಎಂದರು. ಅವಳು ಎದ್ದವಳೇ ನನ್ನನ್ನು ಅಪ್ಪಿಕೊಂಡಳು. ಗಂಡನನ್ನಲ್ಲ, ನನ್ನನ್ನು. ಚಾಚಿದ್ದ ಅವರ ಕೈ ಹಾಗೇ ಉಳಿಯಿತು. ಅತ್ತು ಮುಗಿಸಿ ಅವರ ಕಡೆ ತಿರುಗಿದಳು.

"ನೀವು ಇಷ್ಟು ದಿನ ನಂಗೆ ಬರೀ ಸುಳ್ಳು ಹೇಳಿದ್ದು. ನೀವೂ ಹೆದರಿದ್ರಿ, ನಂಗೆ ಗೊತ್ತುಂಟು. ಸುಳ್ಳು ಹೇಳದೆ ಇದ್ದದ್ದು ಅಕ್ಕ ಒಬ್ರೇ."

ಅವರು ನನ್ನ ಮುಖ ನೋಡಿದರು. ನಾನು ಅಂದು ಆಫೀಸಿಗೆ ಮಾಡಿದ ಫೋನ್ ಅವರಿಗೆ ನೆನಪಾಗದೆ ಇರಲು ಸಾಧ್ಯವೇ ಇರಲಿಲ್ಲ. ಅವರು ಹೇಳಿಬಿಡಲಿ ಎಂದೂ ಅನ್ನಿಸಿತು, ಹೇಳದಿರಲಿ ಎಂದೂ ಅನ್ನಿಸಿತು. ತಲೆ ತಗ್ಗಿಸಿದೆ.

"ಹೌದು," ಎಂದರು ಅವರು ಹೆಂಡತಿಗೆ. "ಅಕ್ಕ ಒಬ್ರೇ."

ಹಾಗೆಂದು, ನಮ್ಮಿಬ್ಬರಿಗೂ ಚಾ ತರಲು ಹೋದರು.