ತಿಂತಾಳೆ ಸಾರ್

“ಬಿಸಿಲಿದೆ, ನೀರಿನ ಬಾಟ್ಲು ಮರೀಬೇಡಿ” ಅಂದಿದ್ದೇ ನನ್ನ ಹೆಂಡತಿಯ ಕೊನೆ ಮಾತು. ನಾನು ಟ್ಯಾಕ್ಸಿ ಬಾಡಿಗೆ ಮುಗಿಸಿ ಬರೋಷ್ಟರಲ್ಲಿ ಹೋಗ್ಬಿಟ್ಟಿದ್ಲು.

ವರ್ಷ ಕಳೀತು. ಪಿತೃಪಕ್ಷದಲ್ಲಿ ಜಯನಗರದ ಸಾರ್ ಒಬ್ಬರನ್ನ ಮೀನು ಹಿಡಿಯೋಕೆ ಅಂತ ಕಾರಲ್ಲಿ ಮಂಗಳೂರಿಗೆ ಕರ್ಕೊಂಡು ಹೋದೆ. ಸಣ್ಣ ದೋಣೀಲಿ ನನ್ನನ್ನೂ ಕೂರಿಸ್ಕೊಂಡ್ರು. ಕೊಕ್ಕೆಗೆ ಹುಳ ಇಲ್ಲ, ಬರೀ ಕೋಳಿಪುಕ್ಕ. ಅದನ್ನೇ ಮರಿಮೀನು ಅಂತ ನಂಬಿ ದೊಡ್ಡದು ಕಚ್ಚುತ್ತೆ. ಸಾರ್‌ಗೆ ಹಿಡಿಯೋದಷ್ಟೇ ಶೋಕಿ, ಹಿಡಿದಿದ್ದನ್ನೆಲ್ಲ ವಾಪಸ್ ಸಮುದ್ರಕ್ಕೇ ಬಿಡ್ತಿದ್ರು.

ಒಂದನ್ನ ಕೈಯಲ್ಲಿ ಹಿಡ್ಕೊಂಡು, “ಮನೇಲಿ ಆಂಟಿ ಮೀನು ತಿಂತಾರಾ?” ಅಂದ್ರು.

“ತಿಂತಾಳೆ ಸಾರ್.” ತಿಂತಿದ್ಲು ಅನ್ನೋಕೆ ನಾಲಿಗೆ ಹೊರಳಲಿಲ್ಲ.

“ಹಾಗಾದ್ರೆ ಇದನ್ನ ಬಿಡಲ್ಲ ಅಂಕಲ್. ನಾನು ಕೊಟ್ಟೆ ಅನ್ನಿ.”

ಮೀನನ್ನ ಐಸಲ್ಲಿಟ್ಟು ರಾತ್ರಿಯೆಲ್ಲ ಕಾರು ಓಡಿಸಿ ಬೆಂಗಳೂರಿಗೆ ಬಂದೆ. ಮಾರನೇ ಬೆಳಿಗ್ಗೆ ಕತ್ರಿಗುಪ್ಪೆ ಮನೇಲಿ ಮೀನ್ ಸಾರು ಮಾಡಿ, ಅವಳ ಫೋಟೋ ಮುಂದೆ ಎಡೆ ಇಟ್ಟೆ. ಸಾರ್ ಕೊಟ್ರು ಅಂತಾನೂ ಹೇಳ್ದೆ. ಉಪ್ಪು ಜಾಸ್ತಿಯಾಗಿತ್ತು, ಆದ್ರೂ ಅವಳು ಒಂದು ಮಾತು ಅನ್ನಲಿಲ್ಲ.