ಬೈಕಿಗೆ ಹತ್ತಿಸಬೇಡಿ ಎಂದ ರತ್ನಮ್ಮ

ಎರಡು ವರ್ಷದ ಹಿಂದಿನ ಮಾವಿನ ಸುಗ್ಗಿ. ಗೌನಿಪಲ್ಲಿ ಹತ್ತಿರದ ನಮ್ಮ ತೋಟದಲ್ಲಿ ಬೆಳಿಗ್ಗೆಯಿಂದ ಕಾಯಿ ಕೀಳುತ್ತಿದ್ದೆವು. ನನ್ನ ತಮ್ಮ ಮಂಜುನಾಥ ಮೇಲಿನ ಕೊಂಬೆಗೆ ಹತ್ತಿದ್ದ. "ಸಾಕು, ಇಳಿಯೋ" ಎನ್ನುವಷ್ಟರಲ್ಲಿ ಕೊಂಬೆ ಲಟಕ್ಕನೆ ಮುರಿದು, ಅದರ ಸಮೇತ ಕೆಳಗೆ ಬಿದ್ದ.

ಓಡಿದೆ. ಕಣ್ಣು ತೆರೆದೇ ಇದ್ದ. "ಅಣ್ಣಾ, ಕತ್ತು ನೋಯ್ತೈತೆ. ಕೈಕಾಲು ಜುಮ್ ಅಂತೈತೆ" ಎಂದ. ಮಾತಾಡುತ್ತಿದ್ದಾನಲ್ಲ, ಬದುಕಿದ ಎಂದುಕೊಂಡೆ.

ನಮ್ಮ ಕಡೆ ಯಾರೇ ಬಿದ್ದರೂ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೊರಡುವುದೇ ರೂಢಿ. ಹಿಂದಿನವನು ತಬ್ಬಿ ಹಿಡಿದುಕೊಂಡರಾಯಿತು. ಪಕ್ಕದ ತೋಟದ ನಾರಾಯಣಪ್ಪ ಆಗಲೇ ಬೈಕ್ ಸ್ಟಾರ್ಟ್ ಮಾಡಿದ್ದರು. "ಏನ್ಲಾ ನೋಡ್ತಾ ನಿಂತಿದ್ದೀಯ? ಕಂಕುಳಿಗೆ ಕೈ ಹಾಕಿ ಎತ್ತು!"

ಎತ್ತಲು ಬಗ್ಗಿದೆ.

"ಮುಟ್ಬೇಡಿ!" ಎಂದು ಯಾರೋ ಕಿರುಚಿದರು. ಮನೆಮನೆ ಸುತ್ತಲು ಹೊರಟಿದ್ದ ನಮ್ಮೂರ ಆಶಾ ಕಾರ್ಯಕರ್ತೆ ರತ್ನಮ್ಮ. ನನ್ನನ್ನು ಪಕ್ಕಕ್ಕೆ ತಳ್ಳಿ, ನೆಲದ ಮೇಲೆ ಕುಳಿತು, ತಮ್ಮನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದರು. "ಕತ್ತು ಅಲುಗಾಡಬಾರ್ದು. ನೂರೆಂಟಕ್ಕೆ ಫೋನ್ ಮಾಡಿ."

"ಅದು ಬರೋವರೆಗೂ ಇವನಿರ್ತಾನೇನಮ್ಮ?" ಎಂದು ರೇಗಿದೆ. ಬಾಯಿಗೆ ಬಂದಂತೆ ಬೈದೆ ಕೂಡ.

"ಬೈದ್ಕೊಳ್ಳಣ್ಣ. ಬೈಕಿಗೆ ಮಾತ್ರ ಹತ್ತಿಸ್ಬೇಡ."

ಮುರಿದ ಕೊಂಬೆಯಲ್ಲಿದ್ದ ಕೆಂಪಿರುವೆಗಳು ಅವರ ಕೈಗೆ ಮುತ್ತಿಕೊಂಡು ಕಚ್ಚುತ್ತಿದ್ದವು. ನಾವು ಒರೆಸಿದೆವು. ಆಂಬುಲೆನ್ಸ್‌ನವರು ಬಂದು ಕತ್ತಿಗೆ ಪಟ್ಟಿ ಹಾಕುವವರೆಗೂ ಆ ತಾಯಿ ತಮ್ಮನ ತಲೆ ಅಲುಗಾಡಲು ಬಿಡಲಿಲ್ಲ.

ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರು ಸ್ಕ್ಯಾನ್ ನೋಡಿ, "ಕತ್ತಿನ ಮೂಳೆ ಮುರಿದಿದೆ. ಎತ್ತಿ ಕೂರಿಸಿದ್ದರೆ ಉಸಿರೇ ನಿಂತುಹೋಗಬಹುದಿತ್ತು. ತಲೆ ಹಿಡಿದುಕೊಂಡಿದ್ದು ಯಾರು?" ಎಂದರು.

"ನಮ್ಮೂರ ರತ್ನಮ್ಮ" ಎಂದೆ. ಆಗಲೇ ಅಪ್ಪ ನೆನಪಾದರು. ಹನ್ನೆರಡು ವರ್ಷದ ಹಿಂದೆ ನಮ್ಮಪ್ಪನೂ ಹುಣಸೆ ಮರದಿಂದ ಬಿದ್ದಿದ್ದರು. ಅವರೂ ಮಾತಾಡುತ್ತಿದ್ದರು. "ಮೆಲ್ಲಗೆ ಮಗಾ, ಕತ್ತು ನೋವು" ಎಂದಿದ್ದರು. ಕಂಕುಳಿಗೆ ಕೈ ಹಾಕಿ ಎತ್ತಿದವನು ನಾನು. ಬೈಕಿನಲ್ಲಿ ಹಿಂದೆ ಕುಳಿತು ತಬ್ಬಿ ಹಿಡಿದವನೂ ನಾನೇ. ಶ್ರೀನಿವಾಸಪುರದ ಆಸ್ಪತ್ರೆ ಸೇರುವ ಮೊದಲೇ ಅವರ ತಲೆ ನನ್ನ ಭುಜಕ್ಕೆ ವಾಲಿ, ಉಸಿರು ನಿಂತಿತ್ತು.

ತಮ್ಮ ಈಗ ನಡೆದಾಡುತ್ತಾನೆ. ರತ್ನಮ್ಮನಿಗೆ ಕೈಮುಗಿದು ಕ್ಷಮೆ ಕೇಳಿದ್ದೇನೆ. ಆದರೆ ಡಾಕ್ಟರು ಹೇಳಿದ ಮಾತನ್ನು ಅಮ್ಮನಿಗೆ ಇನ್ನೂ ತಿಳಿಸಿಲ್ಲ. ಅಪ್ಪ ಹೇಗೆ ಹೋದರು ಎಂದು ಯಾರಾದರೂ ಕೇಳಿದರೆ, ಮರದಿಂದ ಬಿದ್ದು ಎನ್ನಲು ನನಗೀಗ ನಾಲಿಗೆ ಏಳುವುದಿಲ್ಲ.